ನಿಮ್ಮ ಮನೆಗೆ ಬೆಕ್ಕು ಬಂದದ್ದು ಹೇಗೆ? ಕೊಂಡು ತಂದಿರಾ, ಕೇಳಿ ತಂದಿರಾ, ಅದೇ ಬಂತಾ?

ರೂಪಾ_ಜೆಪಿನಗರ

ಎಲ್ಲರಿಗೂ ನಮಸ್ಕಾರ. ಮಗಳು ಆರನೇ ಕ್ಲಾಸಿನಲ್ಲಿದ್ದಾಳೆ, ಹೋದ ವರ್ಷದಿಂದ ಬೆಕ್ಕು ಬೇಕು ಅಂತ ಹಟ. ನಾಯಿ ಬೇಡ, ಮೀನು ಬೇಡ, ಬೆಕ್ಕೇ ಆಗಬೇಕು.

ನಮ್ಮ ಯಜಮಾನರು ಫೋನಿನಲ್ಲಿ ಹುಡುಕಿ ಒಂದೆರಡು ಕಡೆ ಮಾತಾಡಿದರು. ಪರ್ಷಿಯನ್ ಮರಿಗೆ ಒಬ್ಬರು 8 ಸಾವಿರ ಅಂದರು, ಇನ್ನೊಬ್ಬರು 20 ಸಾವಿರದ ಮೇಲೆ ಹೇಳಿದರು. ಯಾಕೆ ಇಷ್ಟು ವ್ಯತ್ಯಾಸ ಅಂದರೆ ಅದು ಡಾಲ್ ಫೇಸು, ಇದು ಪಂಚ್ ಫೇಸು ಅಂತಾರೆ. ನಮಗೆ ತಲೆಬುಡ ಗೊತ್ತಾಗಲಿಲ್ಲ. ಪಕ್ಕದಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದ ನಮ್ಮತ್ತೆ ಇದನ್ನೆಲ್ಲ ಕೇಳಿಸಿಕೊಂಡು ನಕ್ಕೇಬಿಟ್ಟರು. ಅವರದು ಮಂಡ್ಯದ ಕಡೆ ಹಳ್ಳಿ. "ಕೊತ್ತಿಗೂ ದುಡ್ಡು ಕೊಟ್ಟು ತರ್ತಾರೇನಮ್ಮ?" ಅಂದರು.

ಆಮೇಲೆ ನಾನು ಯೋಚನೆ ಮಾಡಿದೆ. ನಮ್ಮ ಪರಿಚಯದಲ್ಲಿ ಬೆಕ್ಕು ಇರುವ ಮನೆ ಏಳೆಂಟಾದರೂ ಇವೆ, ಒಬ್ಬರೂ ಅಂಗಡಿಯಿಂದ ತಂದಿಲ್ಲ. ಹೇಗೆ ಬಂತು ಅಂತ ಕೇಳಿದರೆ ನೆಟ್ಟಗೆ ಉತ್ತರವೂ ಬರೋದಿಲ್ಲ, "ಹಾಗೇ ಬಂತು" ಅಂತಾರೆ. ಹಾಗೇ ಅಂದರೆ ಹೇಗೆ? ನಮ್ಮದು ಮೂರನೇ ಮಹಡಿ, ಸ್ವಂತ ಫ್ಲಾಟ್, ಹಗಲು ಮನೇಲಿ ಅತ್ತೆ ಇರ್ತಾರೆ. ಲಿಫ್ಟಿನಲ್ಲಿ ಬೆಕ್ಕು ತಾನಾಗಿ ಬರೋದಿಲ್ಲವಲ್ಲ. ನಿಮ್ಮ ನಿಮ್ಮ ಮನೆಗೆ ಬೆಕ್ಕು ಬಂದ ದಾರಿ ಯಾವುದು, ಅದರಲ್ಲಿ ನಮಗೆ ಆಗುವಂಥದ್ದು ಯಾವುದು, ಸ್ವಲ್ಪ ಹೇಳಿ.

ಅಡಿಕೆತೋಟ

ನಿಮ್ಮತ್ತೆಯವರಿಗೆ ನನ್ನ ಓಟು. ನಮ್ಮದು ಸಾಗರ ತಾಲ್ಲೂಕು. ಬೆಕ್ಕಿಗೆ ದುಡ್ಡು ಕೊಟ್ಟವರನ್ನು ನಾನು ಈ ಕಡೆ ನೋಡಿಲ್ಲ.

ಇಲ್ಲಿ ಬೆಕ್ಕು ಬೇಕು ಅನ್ನಿಸೋದು ಪ್ರೀತಿಯಿಂದ ಅಲ್ಲ, ಇಲಿಯಿಂದ. ಅಟ್ಟದ ಮೇಲೆ ಭತ್ತ, ತೆಂಗಿನಕಾಯಿ, ಮೂಟೆ ಕಟ್ಟಿಟ್ಟ ಅಡಿಕೆ, ಹಳೇ ಪೇಪರು ಎಲ್ಲ ಇರುತ್ತೆ. ಇಲಿ ಗೋಣಿಚೀಲ ಕಚ್ಚಿ ಹಾಕುತ್ತೆ, ಪಂಪ್‌ಸೆಟ್ಟಿನ ವೈರ್ ಕಚ್ಚಿ ಹಾಕುತ್ತೆ. ಅದೂ ಹೋಗಲಿ, ಇಲಿ ಇದ್ದ ಕಡೆ ಹಾವು ಬರುತ್ತೆ. ಕೇರೆ ಹಾವಾದರೆ ಬಂದು ಹೋಗುತ್ತೆ ಬಿಡಿ, ನಾಗರ ಬಂದು ಸೌದೆ ಕೊಟ್ಟಿಗೆಯಲ್ಲಿ ಕೂತರೆ ಮನೆ ಹೆಂಗಸರು ಅತ್ತ ಕಡೆ ಕಾಲು ಹಾಕೋಕೆ ಹೆದರ್ತಾರೆ. ಆಗ ಮದುವೆ ಮನೇಲೋ, ಸೊಸೈಟಿಯಲ್ಲೋ, ಡೈರಿಗೆ ಹಾಲು ಹಾಕುವಾಗಲೋ ಸಿಕ್ಕವರ ಹತ್ತಿರ "ನಿಮ್ಮನೆ ಬೆಕ್ಕು ಮರಿ ಹಾಕಿದೆಯಾ, ಒಂದು ಗಂಡು ಇಟ್ಟಿರಿ" ಅಂತ ಒಂದು ಮಾತು ಹಾಕಿಡೋದು. ಅಷ್ಟೇ. ಎರಡು ಮೂರು ತಿಂಗಳಲ್ಲಿ ಯಾರದೋ ಬೈಕಿನ ಹಿಂದೆ ಚೀಲದಲ್ಲಿ ಮರಿ ಬಂದಿಳಿಯುತ್ತೆ.

ಚೀಲ ಯಾಕೆ ಅಂದರೆ ದಾರಿ ಕಾಣಬಾರದು ಅಂತ. ದಾರಿ ಕಂಡರೆ ವಾಪಸ್ ಹೋಗುತ್ತೆ ಅನ್ನೋ ನಂಬಿಕೆ. ಮರಿಗೆ ಇದೆಲ್ಲ ಬೇಕಾಗಿಲ್ಲ, ಒಂದು ವಾರ ಕೋಣೆಯಲ್ಲಿ ಕೂಡಿ ಹಾಕಿ ಅಲ್ಲೇ ಊಟ ಇಟ್ಟರೆ ಅದು ಎಲ್ಲಿಗೂ ಹೋಗೋದಿಲ್ಲ. ದೊಡ್ಡ ಬೆಕ್ಕು ಮಾತ್ರ ಚೀಲದಲ್ಲಿ ತಂದರೂ ವಾಪಸ್ ಹೋಗಿದ್ದು ಉಂಟು.

ಒಂದು ಮಾತು ಬೇಜಾರಾದರೂ ಹೇಳಬೇಕು. ಎಲ್ಲರೂ ಗಂಡುಮರಿಯನ್ನೇ ಕೇಳ್ತಾರೆ. ಹೆಣ್ಣಾದರೆ ವರ್ಷಕ್ಕೆ ಎರಡು ಮೂರು ಸಲ ಮರಿ ಹಾಕುತ್ತೆ ಅಂತ ಭಯ. ಕೇಳುವವರಿಲ್ಲದ ಹೆಣ್ಣುಮರಿಗಳು ಅದೇ ಗೋಣಿಚೀಲದಲ್ಲಿ ಸಂತೆ ಬಯಲಿಗೋ ಹೊಳೆ ಆಚೆಗೋ ಹೋಗ್ತವೆ. ಬೆಕ್ಕು ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ಕಾಶಿಗೆ ಕೊಡಬೇಕು ಅಂತ ಹೇಳೋ ಮನೆಯವರೇ ಇದನ್ನೂ ಮಾಡ್ತಾರೆ. ಬಿಟ್ಟು ಬಂದರೆ ಕೊಂದ ಹಾಗಲ್ಲ ಅಂತ ಲೆಕ್ಕ. ನೀವು ಕೇಳೋದಾದರೆ ದಯವಿಟ್ಟು ಹೆಣ್ಣುಮರಿ ಕೇಳಿ, ಪೇಟೆಯಲ್ಲಿ ಆಪರೇಷನ್ ಮಾಡಿಸೋಕೆ ಡಾಕ್ಟರು ಸಿಗ್ತಾರೆ, ನಮಗೆ ಇಲ್ಲಿ ಅದೇ ಕಷ್ಟ.

ಕುಡ್ಲದ_ಪುಚ್ಚೆ

ನಮ್ಮದು ಮೀನಿಗೆ ಬಂದ ಬೆಕ್ಕು ಮಾರಾಯ್ರೆ. ಮಂಗಳೂರು, ಬಿಜೈ ಹತ್ತಿರ. ಬೆಳಿಗ್ಗೆ ಮೀನಿನವರು ಗಾಡಿಯಲ್ಲಿ ಹಾರನ್ ಹೊಡೆದುಕೊಂಡು ಬರ್ತಾರಲ್ಲ, ಆ ಹಾರನ್ನಿನ ಹಿಂದೆ ಓಣಿಯ ಬೆಕ್ಕೆಲ್ಲ ಬರ್ತವೆ. ಅದರಲ್ಲಿ ಒಂದು ಬೂದಿ ಬಣ್ಣದ್ದು ನಮ್ಮ ಹಿತ್ತಿಲ ಕಲ್ಲಿನ ಹತ್ತಿರ ಕೂರುತ್ತಿತ್ತು, ಅಮ್ಮ ಬೂತಾಯಿ ಮೀನಿನ ತಲೆ ತೆಗೆದು ಅದಕ್ಕೆ ಹಾಕುತ್ತಿದ್ದರು. ಮೊದಲು ಹಿತ್ತಿಲು, ಆಮೇಲೆ ಅಡಿಗೆಮನೆ ಬಾಗಿಲು, ಮಳೆಗಾಲ ಶುರುವಾದ ಮೇಲೆ ಸೀದಾ ಅಪ್ಪನ ಈಸಿಚೇರು. ಬೆಳ್ಳಿ ಅಂತ ಹೆಸರಿಟ್ಟೆವು. ನಮ್ಮದೇ ಬೆಕ್ಕು ಅಂತ ನಾವು ಅಂದುಕೊಂಡಿದ್ದು.

ಈಗ ಕಥೆ ಕೇಳಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ, ಮೀನು ಮೊಟ್ಟೆ ಇಡುವ ಸಮಯ. ಮೀನಿಗೆ ರೇಟು ಹೇಳಬೇಡಿ. ನಮ್ಮ ಮನೇಲಿ ಬಸಳೆ, ಹಲಸಿನಬೀಜ ಸಾರು. ಬೆಳ್ಳಿ ಒಂದು ವಾರ ಮುಖ ಊದಿಸಿಕೊಂಡಿತ್ತು, ಆಮೇಲೆ ನಾಪತ್ತೆ. ಅಮ್ಮ ಊಟ ಬಿಡುವುದೊಂದು ಬಾಕಿ. ಜುಲೈ ಕೊನೆಗೆ ಬಂತು ನೋಡಿ, ಹೊಟ್ಟೆ ತುಂಬಿಕೊಂಡು ಗುಂಡಗಾಗಿ. ಪಕ್ಕೆಯಲ್ಲಿ ಒಂದು ಕಡೆ ಕೂದಲು ಬೋಳಿಸಿ ಹೊಲಿಗೆ ಹಾಕಿದ ಗುರುತು! ಯಾರೋ ಅದಕ್ಕೆ ಮರಿಯಾಗದ ಆಪರೇಷನ್ ಮಾಡಿಸಿ ಕಳಿಸಿದ್ದಾರೆ.

ಕುತ್ತಿಗೆಗೆ ಚೀಟಿ ಕಟ್ಟಿ ಬಿಟ್ಟೆವು, "ಇದು ಯಾರ ಮನೆಗೆ ಹೋಗ್ತದೆ? ದಯವಿಟ್ಟು ಫೋನ್ ಮಾಡಿ" ಅಂತ. ಸಂಜೆಯೇ ಫೋನ್ ಬಂತು. ಎರಡು ಓಣಿ ಆಚೆ ರಿಟೈರ್ಡ್ ಬ್ಯಾಂಕಿನವರು, ಅವರಿಗೆ ಅದು ಮೂರು ವರ್ಷದಿಂದ ಚಿಂಟು. ಅವರ ಮನೇಲಿ ವಾರಕ್ಕೆ ಎರಡು ಸಲ ಕೋಳಿ. ಮೀನು ನಮ್ಮಲ್ಲಿ, ಕೋಳಿ ಅಲ್ಲಿ. ಅವರ ವಾದ, ಆಪರೇಷನ್ ಬಿಲ್ಲು ಕೊಟ್ಟವರದ್ದು ಬೆಕ್ಕು. ಅಮ್ಮನ ವಾದ, ಅದು ಮಲಗೋದು ಎಲ್ಲಿ ಹೇಳಿ. ಇನ್ನೂ ತೀರ್ಮಾನ ಆಗಿಲ್ಲ. ಒಂದು ಒಳ್ಳೆಯದಾಯ್ತು, ರೇಬೀಸ್ ಇಂಜೆಕ್ಷನ್ ಕಾರ್ಡ್ ಒಂದೇ ಮಾಡಿಕೊಂಡೆವು, ಇಲ್ಲದಿದ್ದರೆ ಅದಕ್ಕೆ ಎರಡೂ ಮನೆಯವರು ಚುಚ್ಚಿಸ್ತಾ ಇದ್ದೆವು.

ಗೋದಾಮು_ಹುಬ್ಬಳ್ಳಿ

ನಮ್ಮದು ಕಿರಾಣಿ ಹೋಲ್‌ಸೇಲ್. ಅಂಗಡಿ ಜೊತೆಗೇ ಬೆಕ್ಕು ಬರುತ್ತದೆ, ನಮ್ಮ ಅಜ್ಜನ ಕಾಲದಿಂದ ಅದೇ ಸಂತತಿ. ಹಮಾಲರೇ ಅದಕ್ಕೆ ಚಹಾದ ಹಾಲು ಹಾಕ್ತಾರೆ. ಶೇಂಗಾ ಚೀಲದ ಮೇಲೆ ಮಲಗೋದು ಅದರ ಡ್ಯೂಟಿ. ಮನೆಗೆ ಒಯ್ಯಬೇಕು ಅಂತ ತಂಗಿ ಒಂದು ಮರಿ ಒಯ್ದಳು, ಈಗ ಅದಕ್ಕೆ ಪಾಕೀಟಿನ ಕಾಳು ಬಿಟ್ಟು ಬೇರೆ ಏನೂ ಸೇರಲ್ಲ, ಇಲಿ ಕಂಡರೆ ಇದೇ ಓಡುತ್ತದೆ. ಅಂಗಡಿಯವರನ್ನು ಕೇಳಿ ನೋಡಿ ರೂಪಾ ಅವರೇ, ಎಲ್ಲ ಹಳೇ ಪೇಟೆಯಲ್ಲೂ ಮರಿ ಇದ್ದೇ ಇರ್ತಾವೆ.

ಬಾಟಲಿಹಾಲು

ನಾನು ಬೆಂಗಳೂರಿನಲ್ಲಿ ಬೀದಿ ಬೆಕ್ಕುಗಳಿಗೆ ಊಟ ಹಾಕ್ತೀನಿ, ತಾಯಿ ಇಲ್ಲದ ಮರಿಗಳನ್ನು ಬೆಳೆಸಿ ಮನೆ ಹುಡುಕಿ ಕೊಡ್ತೀನಿ. ನಮ್ಮ ಕೈಗೆ ಬರುವ ಮರಿಗಳು ಹೇಗೆ ಬರ್ತವೆ ಅಂತ ಹೇಳಿದರೆ ರೂಪಾ ಅವರಿಗೆ ಅಂದಾಜು ಸಿಗಬಹುದು.

ಒಂದು, ಕಾರಿನ ಬಾನೆಟ್. ಚಳಿ ಮಳೆಯಲ್ಲಿ ಬೆಚ್ಚಗಿರುತ್ತೆ ಅಂತ ಮರಿ ಇಂಜಿನ್ ಸಂದಿಗೆ ಸೇರಿಕೊಳ್ಳುತ್ತೆ. ಬೆಳಿಗ್ಗೆ ಆಫೀಸಿಗೆ ಹೊರಟವರು ಎಷ್ಟೋ ದೂರ ಹೋದ ಮೇಲೆ ಸಿಗ್ನಲ್ಲಿನಲ್ಲಿ ಮ್ಯಾವ್ ಅನ್ನೋದು ಕೇಳಿಸುತ್ತೆ. ಎಲ್ಲದಕ್ಕೂ ಆ ಅದೃಷ್ಟ ಇರೋದಿಲ್ಲ. ಗಾಡಿ ಸ್ಟಾರ್ಟ್ ಮಾಡೋ ಮುಂಚೆ ಬಾನೆಟ್ ಮೇಲೆ ಎರಡು ಸಲ ತಟ್ಟಿ, ಇದು ಎಲ್ಲರಿಗೂ ಹೇಳ್ತಿದ್ದೀನಿ. ಹಾಗೆ ಸಿಕ್ಕ ಮರಿ ಎಷ್ಟೋ ಸಲ ಆ ಕಾರಿನವರ ಮನೆಯಲ್ಲೇ ಉಳಿದುಬಿಡುತ್ತೆ. ಬೆಕ್ಕು ಅಂದರೆ ಆಗೋದೇ ಇಲ್ಲ ಅನ್ನುತ್ತಿದ್ದ ಒಬ್ಬರು ಈಗ ನನಗೆ ದಿನಾ ಫೋಟೋ ಕಳಿಸ್ತಾರೆ.

ಇನ್ನೊಂದು, ಇದು ಜಾಸ್ತಿ, "ಅಯ್ಯೋ ಪಾಪ" ಅಂತ ಎತ್ತಿಕೊಂಡು ಬಂದದ್ದು. ಇಲ್ಲಿ ಸ್ವಲ್ಪ ಜೋರಾಗಿ ಹೇಳ್ತೀನಿ, ಬೇಜಾರು ಮಾಡಿಕೊಳ್ಳಬೇಡಿ. ಮೂಲೆಯಲ್ಲಿ ಮರಿ ಒಂದೇ ಇದೆ ಅಂದ ಮಾತ್ರಕ್ಕೆ ಅದು ಅನಾಥ ಅಲ್ಲ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತೆ ಅಂತ ನಮ್ಮ ಹಿರಿಯರು ಹೇಳೋದು ಸುಮ್ನೆ ಅಲ್ಲ. ಏಳೋ ಮೂರೋ, ಜಾಗ ಬದಲಾಯಿಸೋದಂತೂ ನಿಜ. ಒಂದೊಂದನ್ನೇ ಕಚ್ಚಿಕೊಂಡು ಹೋಗುತ್ತೆ, ನಡುವೆ ಒಂದನ್ನು ಎಲ್ಲೋ ಇಟ್ಟಿರುತ್ತೆ. ನೀವು ಅದೇ ಹೊತ್ತಿಗೆ ಬಂದು ಎತ್ತಿಕೊಂಡು ಹೋದರೆ ತಾಯಿ ಬಂದು ಹುಡುಕುತ್ತೆ. ಮರಿ ಸುಮ್ಮನೆ ಮಲಗಿದ್ದರೆ, ಮೈ ಬೆಚ್ಚಗಿದ್ದರೆ, ನಾಯಿ ಗಾಡಿ ಭಯ ಇಲ್ಲದಿದ್ದರೆ, ದೂರ ನಿಂತು ಕಾಯಿರಿ. ಕೆಲವು ಗಂಟೆ ಆದರೂ ಪರವಾಗಿಲ್ಲ. ತಣ್ಣಗಿದ್ದು ಒಂದೇ ಸಮ ಕಿರುಚುತ್ತಿದ್ದರೆ ಮಾತ್ರ ಎತ್ತಿಕೊಳ್ಳಿ.

ಎತ್ತಿಕೊಂಡಿರಾ? ಹಾಗಾದರೆ ಮೊದಲು ಬೆಚ್ಚಗೆ ಮಾಡಿ, ಆಮೇಲೆ ಹಾಲು. ತಣ್ಣಗಿರುವ ಮರಿಗೆ ಹಾಲು ಕುಡಿಸಿದರೆ ಜೀರ್ಣ ಆಗಲ್ಲ. ಬಾಟಲಿಯಲ್ಲಿ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಹಸುವಿನ ಹಾಲು ಬೇಡ, ಭೇದಿ ಆಗಿ ಎರಡೇ ದಿನಕ್ಕೆ ಸುಸ್ತಾಗುತ್ತೆ. ಬೆಕ್ಕಿನ ಮರಿಗೆ ಅಂತಲೇ ಹಾಲಿನ ಪುಡಿ ಸಿಗುತ್ತೆ. ಮೊದಲ ವಾರಗಳಲ್ಲಿ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ. ಬೆನ್ನ ಮೇಲೆ ಮಲಗಿಸಿ ಕುಡಿಸಬೇಡಿ, ತಾಯಿ ಹತ್ತಿರ ಕುಡಿಯೋ ಹಾಗೆ ಹೊಟ್ಟೆ ಕೆಳಗೆ ಇರಬೇಕು. ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಹಿಂಭಾಗ ಮೆಲ್ಲಗೆ ಒರೆಸಬೇಕು, ಚಿಕ್ಕ ಮರಿಗೆ ತಾನಾಗಿ ಉಚ್ಚೆ ಹೋಗೋಕೆ ಬರೋದಿಲ್ಲ, ತಾಯಿ ನೆಕ್ಕಿ ಮಾಡಿಸುತ್ತೆ. ಇದೆಲ್ಲ ಆಗಲ್ಲ ಅನ್ನಿಸಿದರೆ ಮರಿ ತರಬೇಡಿ, ಬೆಳೆದದ್ದನ್ನು ತನ್ನಿ.

ಮೂರನೆಯದು ದತ್ತು. ಬೆಂಗಳೂರಿನಲ್ಲಿ ಕ್ಯೂಪಾ ಅನ್ನೋ ಪ್ರಾಣಿ ರಕ್ಷಣಾ ಸಂಸ್ಥೆ 1991ರಿಂದ ಇದೆ, ನಮ್ಮಂಥ ಚಿಲ್ಲರೆ ಗುಂಪುಗಳಂತೂ ಪ್ರತಿ ಏರಿಯಾದಲ್ಲಿ. ದುಡ್ಡು ಕೇಳೋದಿಲ್ಲ, ಪ್ರಶ್ನೆ ಮಾತ್ರ ತುಂಬಾ ಕೇಳ್ತೀವಿ. ಮನೆ ಸ್ವಂತದ್ದಾ, ಬಾಲ್ಕನಿಗೆ ನೆಟ್ ಇದೆಯಾ, ಊರಿಗೆ ಹೋದಾಗ ಯಾರು ನೋಡ್ತಾರೆ, ಆಪರೇಷನ್ ಮಾಡಿಸ್ತೀರಾ. ಜನ ಇದಕ್ಕೆ ಸಿಟ್ಟಾಗ್ತಾರೆ, ಹೆಣ್ಣು ನೋಡೋಕೆ ಬಂದವರು ಕೂಡ ಇಷ್ಟು ಕೇಳಲ್ಲ ಅಂತ. ಕೇಳದೆ ಕೊಟ್ಟ ಮರಿ ಮೂರು ತಿಂಗಳಿಗೆ ವಾಪಸ್ ಬಂದದ್ದು ನಮಗೆ ಗೊತ್ತು.

ಬೀದಿಯ ಬೆಕ್ಕನ್ನೇ ಒಳಗೆ ಕರೆದುಕೊಳ್ಳೋರು ಒಂದು ನೋಡಿಕೊಳ್ಳಿ, ಕಿವಿಯ ತುದಿ ನೇರವಾಗಿ ಕತ್ತರಿಸಿದ್ದರೆ ಅದಕ್ಕೆ ಆಪರೇಷನ್ ಆಗಿದೆ ಅಂತ ಅರ್ಥ. ಪಕ್ಕೆ ಬೋಳಿಸಿ ನೋಡೋ ಅಗತ್ಯ ಇಲ್ಲ, ಮಂಗಳೂರಿನವರೇ.

ಪಂಚಮಿ_ಎಸ್

ನಾನು ಕೊಂಡವಳು. ಕಲ್ಲು ಹೊಡೆಯೋರು ಹೊಡೀರಿ.

ನನಗೆ ಚಿಕ್ಕಂದಿನಿಂದ ಉದ್ದ ಕೂದಲಿನ ಬೆಕ್ಕು ಇಷ್ಟ. ಪರಿಚಯದವರ ಪರ್ಷಿಯನ್ ಮರಿ ಹಾಕಿತ್ತು, ತಾಯಿ ತಂದೆ ಎರಡನ್ನೂ ಅವರ ಮನೆಯಲ್ಲೇ ನೋಡಿ, ದುಡ್ಡು ಕೊಟ್ಟು ತಂದೆ. ರೂಪಾ ಅವರಿಗೆ ವ್ಯತ್ಯಾಸ ಹೇಳ್ತೀನಿ. ಡಾಲ್ ಫೇಸ್ ಅಂದರೆ ಮೂಗು ಸ್ವಲ್ಪ ಮುಂದಕ್ಕೆ ಇರುತ್ತೆ, ಮಾಮೂಲಿ ಬೆಕ್ಕಿನ ಮುಖವೇ. ಪಂಚ್ ಫೇಸ್ ಅಂದರೆ ಮೂಗು ಒಳಗೆ ಹೋಗಿ ಮುಖ ಚಪ್ಪಟೆ. ಮಾರೋರು ಅದಕ್ಕೇ ಜಾಸ್ತಿ ದುಡ್ಡು ಹೇಳ್ತಾರೆ, ಆದರೆ ಕಷ್ಟವೂ ಅದಕ್ಕೇ ಜಾಸ್ತಿ. ಉಸಿರಾಟ ಗೊರಗೊರ, ಕಣ್ಣಲ್ಲಿ ಸದಾ ನೀರು, ದಿನಾ ಒರೆಸಬೇಕು. ಬೇಸಿಗೆ ತಡೆಯಲ್ಲ. ಈ ಜಾತಿಯಲ್ಲಿ ಕಿಡ್ನಿಯಲ್ಲಿ ನೀರುಗುಳ್ಳೆ ಆಗೋ ಕಾಯಿಲೆ ವಂಶದಲ್ಲೇ ಬರುತ್ತೆ, ಅದಕ್ಕೆ ತಾಯಿ ತಂದೆಗೆ ಟೆಸ್ಟ್ ಆಗಿದೆಯಾ ಅಂತ ಕೇಳಬೇಕು. ನಾನು ಕೇಳಿದಾಗ ಕೆಲವರು ಫೋನ್ ಇಟ್ಟೇಬಿಟ್ಟರು.

ನಮ್ಮದು ಡಾಲ್ ಫೇಸ್. ಬಂದ ತಿಂಗಳಲ್ಲೇ ಮೈಮೇಲೆ ಹುಳಕಡ್ಡಿ, ಅದು ನನಗೂ ಅಂಟಿತು, ಅಮ್ಮನಿಗೂ ಅಂಟಿತು. ಪರ್ಷಿಯನ್‌ಗೆ ಇದು ತೀರಾ ಸಾಮಾನ್ಯ ಅಂತ ಡಾಕ್ಟರು ಹೇಳಿದರು. ದಿನಾ ಬಾಚಬೇಕು, ಒಂದು ವಾರ ಬಿಟ್ಟರೆ ಕೂದಲು ಜಡೆಗಟ್ಟಿ ಕತ್ತರಿಯೇ ಗತಿ. ಆದರೂ ನನ್ನ ಬೆಕ್ಕು ನನಗೆ ಇಷ್ಟ, ಬೇರೆಯವರಿಗೆ ಉತ್ತರ ಕೊಡೋ ಅಗತ್ಯ ಇಲ್ಲ. ಅಂಗಡಿಯಿಂದ ತರೋರು ಮಾತ್ರ ರಿಜಿಸ್ಟ್ರೇಷನ್ ಕೇಳಿ, 2018ರ ಪೆಟ್ ಶಾಪ್ ನಿಯಮದ ಪ್ರಕಾರ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಇಲ್ಲದೆ ಅಂಗಡಿ ನಡೆಸೋ ಹಾಗಿಲ್ಲ.

ಬಾಟಲಿಹಾಲು

ಪಂಚಮಿ ಅವರೇ, ಕಲ್ಲು ಹೊಡೆಯಲ್ಲ. ತಾಯಿ ತಂದೆ ನೋಡಿ ತಂದಿದ್ದೀರಿ, ಟೆಸ್ಟ್ ಕೇಳಿದ್ದೀರಿ, ಬಾಚ್ತೀರಿ. ನನ್ನ ಸಿಟ್ಟು ಬೇರೆಯವರ ಮೇಲೆ. ಈ ವರ್ಷ ನಮಗೆ ಸಿಕ್ಕ ಪರ್ಷಿಯನ್‌ಗಳೆಲ್ಲ ರಸ್ತೆಯಲ್ಲಿ ಸಿಕ್ಕವು, ಜಡೆಗಟ್ಟಿದ ಕೂದಲಿನ ಸಮೇತ. ಹುಟ್ಟಿದಾಗಿನಿಂದ ಒಳಗೇ ಇದ್ದ ಬೆಕ್ಕಿಗೆ ಬೀದಿಯಲ್ಲಿ ಒಂದು ದಿನ ಬದುಕೋದೂ ಕಷ್ಟ. 20 ಸಾವಿರ ಕೊಟ್ಟು ತಂದವರು ಕೂಡ ಬಿಡ್ತಾರೆ. ದುಡ್ಡು ಕೊಟ್ಟು ತಂದರೆ ಜವಾಬ್ದಾರಿ ತಾನಾಗಿ ಬರುತ್ತೆ ಅನ್ನೋದು ಸುಳ್ಳು.

ಹಳೇಮನೆ_ಮೈಸೂರು

ನಮಗೆ ಮನೆ ಜೊತೆ ಬೆಕ್ಕು ಬಂತು. ಮೈಸೂರಿನಲ್ಲಿ ಹಳೇ ಹೆಂಚಿನ ಮನೆ ಬಾಡಿಗೆಗೆ ಹಿಡಿದೆವು, ಸಾಮಾನು ಇಳಿಸುವಾಗ ಕಿಟಕಿ ಕಟ್ಟೆ ಮೇಲೆ ಒಂದು ಕರಿ ಬಿಳಿ ಬೆಕ್ಕು ಕೂತು ನಮ್ಮನ್ನು ಪರೀಕ್ಷೆ ಮಾಡುತ್ತಿತ್ತು. ಹಿಂದಿನ ಬಾಡಿಗೆಯವರು ಸಾಕಿದ್ದು, ಹೊಸ ಮನೆ ಓನರ್ ಒಪ್ಪಲಿಲ್ಲ ಅಂತ ಬಿಟ್ಟು ಹೋಗಿದ್ದರು. ನಮ್ಮ ಓನರ್ "ಬೆಕ್ಕು ಮನೆಗೆ ಹೊಂದಿಕೊಳ್ಳುತ್ತೆ, ಮನುಷ್ಯರಿಗಲ್ಲ, ಅದು ಇಲ್ಲೇ ಇರುತ್ತೆ ಬಿಡಿ" ಅಂದರು, ನಲ್ಲಿ ಮೀಟರು ತೋರಿಸುವ ದನಿಯಲ್ಲೇ.

ಈ ಮಾತನ್ನು ತುಂಬಾ ಜನ ಹೇಳ್ತಾರೆ, ನಾನು ಒಪ್ಪೋದಿಲ್ಲ. ನಾವು ಬಂದ ಹೊಸದರಲ್ಲಿ ಅದು ಸಂಜೆ ಹೊತ್ತು ಗೇಟಿನ ಹತ್ತಿರ ಕೂರುತ್ತಿತ್ತು, ಸ್ಕೂಟರ್ ಸದ್ದು ಕೇಳಿದರೆ ಏಳುತ್ತಿತ್ತು, ನೋಡಿ ಮತ್ತೆ ಕೂರುತ್ತಿತ್ತು. ಮನೆಗೆ ಹೊಂದಿಕೊಂಡದ್ದಾದರೆ ಒಳಗೆ ಮಲಗಬೇಕಿತ್ತು ಅಲ್ವಾ? ಬೆಕ್ಕನ್ನು ಬಿಟ್ಟು ಹೋಗೋರಿಗೆ ಅನುಕೂಲವಾದ ಮಾತು ಅದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳೋ ಸ್ಥಿತಿಯಲ್ಲಿ ಸಾಕುಪ್ರಾಣಿಯನ್ನು ಸರಿಯಾದ ಕಾರಣ ಇಲ್ಲದೆ ಬಿಟ್ಟು ಹೋಗೋದು ಅಪರಾಧ. ಮನೆ ಖಾಲಿ ಮಾಡೋರಿಗೆ ಯಾರೂ ಇದನ್ನು ಹೇಳೋದಿಲ್ಲ.

ಈಗ ಅದು ನಮ್ಮದು. ಯಾವಾಗ ಆಯಿತು ಅಂದರೆ, ಪಕ್ಕದ ಮನೆಯವರು "ನಿಮ್ಮ ಬೆಕ್ಕು ನಮ್ಮ ಮೊಸರು ಚೆಲ್ಲಿತು" ಅಂತ ನಮ್ಮ ಬಾಗಿಲಿಗೆ ಬಂದ ದಿನ.

ಮೇಘ_ಸ್ಟಟ್‌ಗಾರ್ಟ್

ಬಿಟ್ಟು ಬಂದವರಲ್ಲಿ ನಾನೂ ಒಬ್ಬಳು, ಆದರೆ ಗೇಟಿನ ಹತ್ತಿರ ಅಲ್ಲ, ಗೆಳತಿ ಮನೇಲಿ. ಬೆಂಗಳೂರಿನಿಂದ ಜರ್ಮನಿಗೆ ಕೆಲಸ ಸಿಕ್ಕಾಗ ನನ್ನ ಹತ್ತಿರ ಎರಡು ವರ್ಷದ ಬೆಕ್ಕಿತ್ತು. ಭಾರತದಿಂದ ಯುರೋಪಿಗೆ ಬೆಕ್ಕು ತರಬೇಕಾದರೆ ಮೊದಲು ಮೈಕ್ರೋಚಿಪ್ (ಗುರುತಿನ ನಂಬರ್ ಇರೋ, ಚರ್ಮದ ಕೆಳಗೆ ಹಾಕೋ ಪುಟ್ಟ ಚಿಪ್), ಆಮೇಲೆ ರೇಬೀಸ್ ಲಸಿಕೆ, ಅದಾಗಿ ಕನಿಷ್ಠ 30 ದಿನ ಬಿಟ್ಟು ರಕ್ತ ತೆಗೆದು ಇಲ್ಲಿನವರು ಒಪ್ಪಿದ ಲ್ಯಾಬಿಗೆ ಕಳಿಸಬೇಕು, ಫಲಿತಾಂಶ ಸರಿ ಬಂದರೂ ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಒಟ್ಟು ನಾಲ್ಕು ತಿಂಗಳು. ಕಂಪನಿಗಳು ಅಷ್ಟು ಕಾಯಲ್ಲ. ಹಾಗಾಗಿ ವಿದೇಶಕ್ಕೆ ಹೊರಟವರ ಬೆಕ್ಕು "ಆರು ತಿಂಗಳು ಮಾತ್ರ ನೋಡಿಕೊಳ್ಳೇ" ಅಂತ ಯಾರದೋ ಮನೆಗೆ ಸೇರುತ್ತೆ, ಅಲ್ಲೇ ಉಳಿಯುತ್ತೆ. ನನ್ನದೂ ಹಾಗೇ. ಆರು ತಿಂಗಳಾದ ಮೇಲೆ ಗೆಳತಿ ಕೊಡೋಕೆ ಒಪ್ಪಲಿಲ್ಲ, ಅವಳ ಅಪ್ಪ ಅಂತೂ ನನ್ನ ಫೋನೇ ತೆಗೆಯುತ್ತಿರಲಿಲ್ಲ.

ಇಲ್ಲಿ ಟೀರ್‌ಹೈಮ್ ಅಂತ ಪ್ರಾಣಿಗಳ ಆಶ್ರಯ ಇರುತ್ತೆ, ಅಲ್ಲಿಂದ ತರೋದು ರೂಢಿ. ಬಾಟಲಿಹಾಲು ಅವರ ಪ್ರಶ್ನೆಗಳಿಗೆ ಸಿಟ್ಟಾಗೋರು ಇಲ್ಲಿ ಬಂದು ನೋಡಬೇಕು. ಮನೆ ಓನರ್ ಒಪ್ಪಿಗೆ ಪತ್ರ ಬೇಕು, ಬಾಲ್ಕನಿಗೆ ನೆಟ್ ಹಾಕಿದ ಫೋಟೋ ಬೇಕು, ಮನೆ ನೋಡೋಕೆ ಬರ್ತಾರೆ, ಕೊನೆಗೆ ಒಪ್ಪಂದಕ್ಕೆ ಸಹಿ, ಜೊತೆಗೆ ಶುಲ್ಕ. ನಾನು ಒಂದು ಮರಿ ಕೇಳಿದೆ, ಒಂದೇ ಆದರೆ ಕೊಡಲ್ಲ, ಜೊತೆ ಇಲ್ಲದೆ ಬೆಳೆಯಬಾರದು, ಎರಡು ಒಯ್ಯಿರಿ ಅಂದರು. ಎರಡು ತಂದೆ. ಹೊರಗೆ ಓಡಾಡೋ ಬೆಕ್ಕಿಗೆ ಆಪರೇಷನ್, ಚಿಪ್, ನೋಂದಣಿ ಕಡ್ಡಾಯ ಅಂತ ಪಾಡರ್‌ಬಾರ್ನ್ ಅನ್ನೋ ಊರು 2008ರಲ್ಲೇ ನಿಯಮ ಮಾಡಿತು, ಆಮೇಲೆ ಎಷ್ಟೋ ಊರುಗಳು ಅದನ್ನೇ ಹಿಡಿದವು. ಲಂಡನ್ನಿನಲ್ಲಿರೋ ನಮ್ಮಣ್ಣನಿಗೂ ಚಿಪ್ ಕಡ್ಡಾಯ, ಇಂಗ್ಲೆಂಡಿನಲ್ಲಿ 2024ರ ಜೂನ್ 10ರಿಂದ. ಬೆಕ್ಕು ಯಾರದ್ದು ಅನ್ನೋ ಮಂಗಳೂರಿನ ಜಗಳ ಇಲ್ಲಿ ಆಗಿದ್ದರೆ ಸ್ಕ್ಯಾನರ್ ಹಿಡಿದು ತೀರ್ಮಾನ ಮಾಡುತ್ತಿದ್ದರು.

ಕುಡ್ಲದ_ಪುಚ್ಚೆ

ಅಮ್ಮ ಸ್ಕ್ಯಾನರ್ ಒಪ್ಪುವುದಿಲ್ಲ ಮೇಘಕ್ಕ.

ದಾವಣಗೆರೆ_ದೋಸೆ

ನಮ್ಮದು ಅಕ್ಕನ ಬೆಕ್ಕು. ಅಕ್ಕ ಬಸುರಿ ಆದಾಗ ಬೆಕ್ಕಿದ್ದರೆ ಮಗುವಿಗೆ ತೊಂದರೆ ಅಂತ ಅವರ ಮನೆಯವರೆಲ್ಲ ಗಲಾಟೆ ಮಾಡಿ ನಮ್ಮನೆಗೆ ಕಳಿಸಿದರು. ಆಮೇಲೆ ಅವಳ ಡಾಕ್ಟರೇ ಹೇಳಿದ್ದು, ಟಾಕ್ಸೋಪ್ಲಾಸ್ಮಾ ಅನ್ನೋ ಸೋಂಕಿನ ಭಯ ಬೆಕ್ಕಿನ ಕಕ್ಕದಿಂದ, ಅದೂ ಹೊರಗೆ ಬಂದು ಒಂದು ದಿನವಾದರೂ ಆದ ಮೇಲೆ ಅಂಟುವಂಥದ್ದು. ದಿನಾ ಬೇರೆಯವರು ಮರಳಿನ ಟ್ರೇ ಸ್ವಚ್ಛ ಮಾಡಿದರೆ, ಬೆಕ್ಕಿಗೆ ಹಸಿ ಮಾಂಸ ಹಾಕದಿದ್ದರೆ, ಬೆಕ್ಕು ಕೊಟ್ಟುಬಿಡೋ ಅಗತ್ಯವೇ ಇಲ್ಲವಂತೆ. ಸರಿಯಾಗಿ ತೊಳೆಯದ ತರಕಾರಿಯಿಂದಲೂ ಅದು ಬರುತ್ತೆ, ಅರ್ಧ ಬೆಂದ ಮಾಂಸದಿಂದಲೂ ಬರುತ್ತೆ. ಅಷ್ಟು ಹೊತ್ತಿಗೆ ಬೆಕ್ಕು ನಮ್ಮಪ್ಪನ ತಟ್ಟೆಯಿಂದ ಮೊಸರನ್ನ ತಿನ್ನೋಕೆ ಶುರು ಮಾಡಿತ್ತು. ಅಕ್ಕ ಕೇಳಿದಳು, ಅಪ್ಪ "ಮೊಮ್ಮಗು ನಿನಗೆ, ಬೆಕ್ಕು ನನಗೆ" ಅಂದರು.

ರೂಪಾ_ಜೆಪಿನಗರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಓದಿ ಓದಿ ನಕ್ಕೆ, ಅತ್ತೆಗೂ ಓದಿ ಹೇಳಿದೆ. ಪರ್ಷಿಯನ್ ಕೈಬಿಟ್ಟೆವು, ಬಾಚೋಕೆ ನಮ್ಮನೇಲಿ ಯಾರಿಗೂ ಪುರುಸೊತ್ತಿಲ್ಲ.

ಅಷ್ಟರಲ್ಲಿ ಇನ್ನೊಂದು ಆಯಿತು. ಬೆಕ್ಕಿನ ಮರಿ ಎಲ್ಲಾದರೂ ಇದ್ದರೆ ಹೇಳಿ ಅಂತ ಅತ್ತೆ ಸುಮ್ನೆ ವಾಚ್‌ಮನ್ ಹೆಂಡತಿ ಹತ್ತಿರ ಒಂದು ಮಾತು ಹಾಕಿದ್ದರು. ಅವಳು ನಿನ್ನೆ ಬಂದು ಕರೆದುಕೊಂಡು ಹೋಗಿ ತೋರಿಸಿದಳು. ನಮ್ಮದೇ ಬೇಸ್‌ಮೆಂಟಿನಲ್ಲಿ, ಜನರೇಟರ್ ಹಿಂದೆ, ನಾಲ್ಕು ಮರಿ! ತಾಯಿ ಇದೆ, ಗುರ್ ಅಂತು, ನಾವು ಮುಟ್ಟಲಿಲ್ಲ. ಮರಿಗಳ ಕಣ್ಣು ಬಿಟ್ಟಿದೆ, ನೀಲಿ ಕಣ್ಣು, ತೂರಾಡಿಕೊಂಡು ನಡೀತವೆ. ಅದರಲ್ಲಿ ಒಂದು ಬಿಳಿ, ಕಪ್ಪು, ಕೇಸರಿ ಮೂರೂ ಬಣ್ಣದ್ದು, ಮಗಳಿಗೆ ಅದೇ ಬೇಕಂತೆ. ವಾಚ್‌ಮನ್ ನೋಡಿ ಅದು ಗಂಡು ಅಂದ. ಯಾವಾಗ ತರಬಹುದು? ಬೇರೆ ಏನು ಸಿದ್ಧ ಮಾಡಿಕೊಳ್ಳಬೇಕು?

ಬಾಟಲಿಹಾಲು

ತೂರಾಡಿಕೊಂಡು ನಡೆಯೋದಾದರೆ ಮೂರು ವಾರದ ಆಸುಪಾಸು. ಈಗ ತರಬೇಡಿ. ಎಂಟು ವಾರ ಆಗಲಿ, ಇನ್ನೂ ಸ್ವಲ್ಪ ದಿನ ಬಿಟ್ಟರೆ ಇನ್ನೂ ಒಳ್ಳೆಯದು. ಕಚ್ಚೋದು ಎಷ್ಟು, ಪರಚೋದು ಎಷ್ಟು ಅನ್ನೋದನ್ನು ಅದು ತಾಯಿ ಮತ್ತು ಒಡಹುಟ್ಟಿದವರ ಹತ್ತಿರವೇ ಕಲಿಯೋದು. ಅಲ್ಲೀತನಕ ತಾಯಿಗೆ ಊಟ ಹಾಕಿ, ಅನ್ನಕ್ಕೆ ಬೇಯಿಸಿದ ಕೋಳಿ ಅಥವಾ ಮೊಟ್ಟೆ ಕಲಸಿ, ಉಪ್ಪು ಈರುಳ್ಳಿ ಬೇಡ. ಬರಿ ಹಾಲನ್ನ ಸಾಲದು, ಬೆಕ್ಕು ಮಾಂಸ ತಿನ್ನೋ ಪ್ರಾಣಿ. ಮಗಳು ದಿನಾ ಹೋಗಿ ದೂರ ಕೂತರೆ ಸಾಕು, ಮರಿಗಳಿಗೆ ಮನುಷ್ಯರ ರೂಢಿ ಆಗೋದು ಈ ವಯಸ್ಸಿನಲ್ಲೇ.

ಅಷ್ಟರೊಳಗೆ ಕಿಟಕಿ ಬಾಲ್ಕನಿಗೆ ನೆಟ್ ಹಾಕಿಸಿ. ಪಾರಿವಾಳಕ್ಕೆ ಅಂತ ಹಾಕೋ ನೈಲಾನ್ ನೆಟ್ ಬೆಕ್ಕು ಕಚ್ಚಿ ಹರಿಯುತ್ತೆ, ಸ್ಟೀಲ್ ಜಾಲರಿ ಆಗಬೇಕು. ಮೂರನೇ ಮಹಡಿಯಿಂದ ಬಿದ್ದರೂ ಬೆಕ್ಕಿಗೆ ಏನೂ ಆಗಲ್ಲ ಅನ್ನೋದು ನಂಬಬೇಡಿ, ದವಡೆ ಮುರಿದುಕೊಂಡು ಬಂದವನ್ನು ನೋಡಿದ್ದೀನಿ. ಮನೆಗೆ ತಂದ ವಾರದಲ್ಲೇ ಜಂತುಹುಳದ ಔಷಧ, ಮೊದಲ ಲಸಿಕೆ. ಮೂರು ಕಾಯಿಲೆಗೆ ಸೇರಿಸಿ ಒಂದೇ ಲಸಿಕೆ ಕೊಡ್ತಾರೆ, ಮೂರು ನಾಲ್ಕು ವಾರ ಬಿಟ್ಟು ಮತ್ತೊಂದು ಸಲ. ರೇಬೀಸ್ ಮೂರು ತಿಂಗಳು ತುಂಬಿದ ಮೇಲೆ.

ಮೂರು ಬಣ್ಣ ಇದ್ದರೆ ಅದು ಹೆಣ್ಣೇ, ವಾಚ್‌ಮನ್‌ಗೆ ಹೇಳಿ. ಕೇಸರಿ ಬಣ್ಣದ ಜೀನ್ ಇರೋದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡಿಗೆ ಎಕ್ಸ್ ಒಂದೇ, ಹಾಗಾಗಿ ಕೇಸರಿ ಇಲ್ಲವೇ ಕಪ್ಪು, ಎರಡರಲ್ಲಿ ಒಂದು. ಹೆಣ್ಣಿಗೆ ಎರಡು ಎಕ್ಸ್ ಇರೋದರಿಂದ ಎರಡು ಬಣ್ಣವೂ ಬರಬಹುದು. ಬಿಳಿಯ ಲೆಕ್ಕ ಬೇರೆ. ಒಂದು ಎಕ್ಸ್ ಹೆಚ್ಚಾಗಿ ಹುಟ್ಟೋ ಗಂಡು ಎಲ್ಲೋ ಅಪರೂಪಕ್ಕೆ ಇರುತ್ತೆ, ನಿಮ್ಮ ಬೇಸ್‌ಮೆಂಟಿನಲ್ಲಿ ಇರೋ ಸಾಧ್ಯತೆ ಕಡಿಮೆ. ಹೆಣ್ಣು ಅಂತ ಬಿಡಬೇಡಿ ಮತ್ತೆ. ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು, ಅಷ್ಟರೊಳಗೆ ಡಾಕ್ಟರನ್ನು ಕೇಳಿ ಆಪರೇಷನ್ ದಿನ ಗೊತ್ತು ಮಾಡಿಕೊಳ್ಳಿ.

ತಾಯಿಯನ್ನು ಮರೀಬೇಡಿ. ಹಾಲು ಕುಡಿಸುತ್ತಿರುವಾಗಲೇ ಅದು ಮತ್ತೆ ಗಬ್ಬ ಆಗಬಹುದು, ಎರಡು ತಿಂಗಳಲ್ಲಿ ಜನರೇಟರ್ ಹಿಂದೆ ಇನ್ನು ನಾಲ್ಕು. ಮರಿಗಳು ಹಾಲು ಬಿಟ್ಟ ತಕ್ಷಣ ಅದಕ್ಕೂ ಆಪರೇಷನ್ ಆಗಬೇಕು, ಹಿಡಿಯೋ ಪಂಜರ ನಾನು ತರ್ತೀನಿ. ಖರ್ಚಿಗೆ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರನ್ನು ಕೇಳಿ, ವಾಚ್‌ಮನ್ ಹತ್ತಿರ ಕೇಳಬೇಡಿ. ಉಳಿದ ಮೂರು ಮರಿಗೆ ನಿಮ್ಮ ಬ್ಲಾಕಿನಲ್ಲೇ ಮನೆ ಹುಡುಕೋ ಕೆಲಸ ಮಗಳಿಗೆ ಕೊಡಿ.

ಗೋದಾಮು_ಹುಬ್ಬಳ್ಳಿ

ಒಂದು ಮರಿ ಹುಬ್ಬಳ್ಳಿಗೆ ಕಳಿಸ್ತೀರಾ? ನಮ್ಮ ಶೇಂಗಾ ಚೀಲದವನಿಗೆ ವಯಸ್ಸಾಯಿತು.

ರೂಪಾ_ಜೆಪಿನಗರ

ಅತ್ತೆ ಕೇಳ್ತಿದ್ದಾರೆ, ಗೋಣಿಚೀಲದಲ್ಲಿ ಕಳಿಸಬೇಕಾ, ಬುಟ್ಟಿಯಲ್ಲಾ ಅಂತ.